ಮಂಗಳೂರಿನಲ್ಲಿ ಹತ್ತು ಗಂಟೆ ಹೂವಿನ ಬೇಸಾಯ

ಹತ್ತು ಗಂಟೆ ಹೂವು ನೆಲಕ್ಕೆ ಅಂಟಿಕೊಂಡಂತೆ ಹರಡಿ ಬೆಳೆಯುವ, ರಸಭರಿತ ಕಾಂಡ ಮತ್ತು ಎಲೆಗಳುಳ್ಳ ಒಂದು ಅಲಂಕಾರಿಕ ಸಸ್ಯ. ಪೋರ್ಚುಲಾಕಾ ಗ್ರ್ಯಾಂಡಿಫ್ಲೋರಾ ಎಂಬುದು ಇದರ ವೈಜ್ಞಾನಿಕ ಹೆಸರು. ಇದು ಪೋರ್ಚುಲಾಕೇಸಿಯೇ ಕುಟುಂಬಕ್ಕೆ ಸೇರಿದೆ. ಕೆಂಪು, ಗುಲಾಬಿ, ಹಳದಿ, ಕಿತ್ತಳೆ, ಬಿಳಿ ಮತ್ತು ಮಿಶ್ರ ಬಣ್ಣಗಳ ಹೂಗಳಿಗಾಗಿ, ಹಾಗೂ ಅಲ್ಪ ನೀರಿನಲ್ಲಿಯೂ ಬದುಕುವ ಗುಣಕ್ಕಾಗಿ ಇದನ್ನು ಬಿಸಿಲು ಬೀಳುವ ಅಂಗಳ, ತಾರಸಿ ಮತ್ತು ಕಾಂಪೌಂಡಿನ ಅಂಚುಗಳಲ್ಲಿ ನೆಲಹೊದಿಕೆಯಾಗಿ ಬೆಳೆಸುತ್ತಾರೆ. ಬರ ಸಹಿಸುವ ಸಸ್ಯವೆಂದು ಪುಸ್ತಕಗಳು ಹೊಗಳುವ ಈ ಗಿಡಕ್ಕೆ ಮಂಗಳೂರಿನಲ್ಲಿ ಬರಕ್ಕಿಂತ ಮಳೆಯೇ ದೊಡ್ಡ ಶತ್ರು. ಆದುದರಿಂದ ಇಲ್ಲಿ ಇದರ ಬೇಸಾಯಕ್ರಮವು ಒಣ ಪ್ರದೇಶಗಳ ಕ್ರಮಕ್ಕಿಂತ ಭಿನ್ನವಾಗಿದೆ.

ಹೆಸರು

ಬಿಸಿಲೇರಿದ ಮೇಲೆ ಅರಳುವುದರಿಂದ ಈ ಹೆಸರು ಬಂದಿದೆ. ಮಲಯಾಳದಲ್ಲಿ ಇದಕ್ಕೆ ‘ಪತ್ತುಮಣಿ ಪೂವು’ ಎನ್ನುತ್ತಾರೆ. ಎರಡೂ ಭಾಷೆಗಳು ಬಳಕೆಯಲ್ಲಿರುವ ಕಾಸರಗೋಡಿನಲ್ಲಿ ಎರಡೂ ಹೆಸರುಗಳು ಸಲ್ಲುತ್ತವೆ. ವಿಯೆಟ್ನಾಮಿ ಭಾಷೆಯ ಹೆಸರಿನ ಅರ್ಥವೂ ‘ಹತ್ತು ಗಂಟೆಯ ಹೂವು’ ಎಂದೇ ಆಗಿರುವುದು ಕುತೂಹಲಕರ. ನರ್ಸರಿಗಳಲ್ಲಿ ‘ಟೇಬಲ್ ರೋಸ್’, ‘ಮಾಸ್ ರೋಸ್’ ಅಥವಾ ಬರಿದೇ ‘ಪೋರ್ಚುಲಾಕಾ’ ಎಂದು ಕೇಳಿದರೆ ಇದೇ ಗಿಡ ದೊರೆಯುತ್ತದೆ. ಗುಲಾಬಿಯೊಂದಿಗೆ ಇದಕ್ಕೆ ಯಾವ ಸಸ್ಯಶಾಸ್ತ್ರೀಯ ಸಂಬಂಧವೂ ಇಲ್ಲ.

ಗಡಿಯಾರದ ಹತ್ತು ಗಂಟೆಯನ್ನು ಅಕ್ಷರಶಃ ತೆಗೆದುಕೊಳ್ಳಬೇಕಿಲ್ಲ. ಭಾರತೀಯ ಕಾಲಮಾನವು ಪೂರ್ವ ರೇಖಾಂಶ 82.5 ಡಿಗ್ರಿಯನ್ನು ಆಧರಿಸಿದೆ. ಮಂಗಳೂರು ಸುಮಾರು 74.8 ಡಿಗ್ರಿಯಲ್ಲಿದೆ. ಹೀಗಾಗಿ ಇಲ್ಲಿನ ಸೂರ್ಯ ಗಡಿಯಾರಕ್ಕಿಂತ ಸರಾಸರಿ ಅರ್ಧ ಗಂಟೆ ಹಿಂದಿರುತ್ತಾನೆ. ಹೂವು ಅನುಸರಿಸುವುದು ಬೆಳಕು ಮತ್ತು ಬಿಸಿಯನ್ನೇ ಹೊರತು ಗಡಿಯಾರವನ್ನಲ್ಲ. ಮೋಡ ಕವಿದ ದಿನ ಅದು ತಡವಾಗಿ ಅರಳುತ್ತದೆ, ಅಥವಾ ಅರಳುವುದೇ ಇಲ್ಲ.

ಮೂಲ ಮತ್ತು ಸ್ವರೂಪ

ಈ ಸಸ್ಯದ ಮೂಲ ನೆಲೆ ದಕ್ಷಿಣ ಅಮೆರಿಕದ ಅರ್ಜೆಂಟೀನಾ, ಉರುಗ್ವೆ ಮತ್ತು ದಕ್ಷಿಣ ಬ್ರೆಜಿಲ್. ಸ್ಕಾಟ್ಲೆಂಡಿನ ವೈದ್ಯ ಜೇಮ್ಸ್ ಗಿಲ್ಲೀಸ್ ಅರ್ಜೆಂಟೀನಾದ ಮೆಂಡೋಜಾ ಸಮೀಪದ ಹಗುರ ಮರಳು ನೆಲದಲ್ಲಿ ಇದನ್ನು ಕಂಡು ಸಂಗ್ರಹಿಸಿದರು. 1829ರಲ್ಲಿ ವಿಲಿಯಂ ಜ್ಯಾಕ್ಸನ್ ಹೂಕರ್ ಇದನ್ನು ವಿವರಿಸಿ ಹೆಸರಿಟ್ಟರು. ಆಂಡಿಸ್ ಪರ್ವತದ ಮಳೆನೆರಳಿನಲ್ಲಿರುವ ಮೆಂಡೋಜಾ ಬಹಳ ಒಣ ಪ್ರದೇಶ. ಅಂತಹ ನೆಲದ ಗಿಡವು ಅರಬ್ಬೀ ಸಮುದ್ರದ ದಂಡೆಗೆ ಬಂದು ನೆಲೆಸಿದೆ ಎಂಬುದನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಅನೇಕ ಸೂಚನೆಗಳ ಕಾರಣ ತಾನಾಗಿಯೇ ತಿಳಿಯುತ್ತದೆ.

ಗಿಡವು 10ರಿಂದ 20 ಸೆಂ.ಮೀ. ಎತ್ತರ ಬೆಳೆದು, ಸುಮಾರು 30 ಸೆಂ.ಮೀ. ಅಗಲಕ್ಕೆ ಹರಡುತ್ತದೆ. ಎಲೆಗಳು ಸಣ್ಣ ಕೊಳವೆಯಂತೆ ಉರುಟಾಗಿದ್ದು, ಸುಮಾರು 2.5 ಸೆಂ.ಮೀ. ಉದ್ದವಿರುತ್ತವೆ. ಮೂಲರೂಪದ ಹೂವಿಗೆ ಐದು ದಳಗಳು. ತೋಟಗಾರರು ಆಯ್ದು ಬೆಳೆಸಿದ ಸುತ್ತುದಳದ ತಳಿಗಳಲ್ಲಿ ದಳಗಳ ಸಂಖ್ಯೆ ಹೆಚ್ಚು. ಒಂದು ಹೂವಿನ ಆಯುಸ್ಸು ಒಂದೇ ದಿನ. ಸಂಜೆಯ ವೇಳೆಗೆ ದಳಗಳು ಮುದುಡಿ ಮೆತ್ತಗಾಗುತ್ತವೆ. ಕೇಸರಗಳನ್ನು ಕಡ್ಡಿಯಿಂದ ಮೆಲ್ಲನೆ ಮುಟ್ಟಿದರೆ ಅವು ಮುಟ್ಟಿದ ಕಡೆಗೆ ಬಾಗುತ್ತವೆ. ಶಾಲಾ ಮಕ್ಕಳಿಗೆ ಸಸ್ಯಚಲನೆಯನ್ನು ತೋರಿಸಲು ಮುಟ್ಟಿದರೆ ಮುನಿಯಷ್ಟೇ ಸುಲಭವಾದ ಉದಾಹರಣೆ ಇದು. ಆದರೂ ಪಠ್ಯಗಳಲ್ಲಿ ಇದಕ್ಕೆ ಸಿಕ್ಕಿರುವ ಸ್ಥಾನ ಕಡಿಮೆ.

ಕಾಯಿಯು ಪುಟ್ಟ ಭರಣಿಯಂತಿದ್ದು, ಮಾಗಿದಾಗ ಮೇಲಿನ ಮುಚ್ಚಳ ಕಳಚಿ ಬೀಳುತ್ತದೆ. ಪೋರ್ಚುಲಾಕಾ ಎಂಬ ಕುಲನಾಮವು ‘ಚಿಕ್ಕ ಬಾಗಿಲು’ ಎಂಬರ್ಥದ ಲ್ಯಾಟಿನ್ ಪದದಿಂದ ಬಂದುದೆಂದು ಹೇಳುವುದು ಈ ಮುಚ್ಚಳದ ಕಾರಣಕ್ಕೆ. ಬೀಜಗಳು ಬಹಳ ಸಣ್ಣವು. ಒಂದು ಗ್ರಾಂ ತೂಕಕ್ಕೆ ಸುಮಾರು 10,000 ಬೀಜಗಳು ಹಿಡಿಯುತ್ತವೆ.

ಕರ್ನಾಟಕದ ಊಟದಲ್ಲಿ ಪರಿಚಿತವಾದ ಗೋಣಿಸೊಪ್ಪು ಇದೇ ಕುಲದ ಪೋರ್ಚುಲಾಕಾ ಒಲೆರೇಸಿಯಾ. ಬಾದಾಮಿಯ ಹೆಸರನ್ನೇ ಹೊತ್ತ ಪೋರ್ಚುಲಾಕಾ ಬಾದಾಮಿಕಾ ಎಂಬ ಕಾಡುಪ್ರಭೇದವೂ ಇದೆ. ಗೋಣಿಸೊಪ್ಪಿನಂತೆ ಚಪ್ಪಟೆ ಎಲೆ, ಐದೇ ದಳದ ಅಗಲ ಹೂವು ಉಳ್ಳ ಗಿಡಗಳನ್ನು ಕೂಡ ನರ್ಸರಿಗಳು ಇದೇ ಹೆಸರಿನಲ್ಲಿ ಮಾರುತ್ತವೆ. ಅವು ಬಹುಮಟ್ಟಿಗೆ ಪೋರ್ಚುಲಾಕಾ ಅಂಬ್ರಾಟಿಕೋಲಾ ಪ್ರಭೇದದಿಂದ ಬಂದ ತಳಿಗಳು. ಬೇಸಾಯಕ್ರಮ ಎರಡಕ್ಕೂ ಒಂದೇ.

ಬಣ್ಣಗಳು

ದಾಸವಾಳದ ಕೆಂಪು, ಶಂಖಪುಷ್ಪದ ನೀಲಿ ಮುಂತಾದವು ಆಂಥೋಸಯನಿನ್ ಎಂಬ ವರ್ಣದ್ರವ್ಯದಿಂದ ಉಂಟಾಗುತ್ತವೆ. ಹತ್ತು ಗಂಟೆ ಹೂವಿನಲ್ಲಿ ಅದಿಲ್ಲ. ಇದರ ಬಣ್ಣಗಳು ಬೀಟಾಲೈನ್ ಎಂಬ ಬೇರೆಯೇ ಗುಂಪಿನ ದ್ರವ್ಯಗಳಿಂದ ಬರುತ್ತವೆ. ಕೆಂಪು–ನೇರಳೆಗೆ ಬೀಟಾಸಯನಿನ್, ಹಳದಿಗೆ ಬೀಟಾಕ್ಸಾಂಥಿನ್. ಎರಡೂ ಬೆರೆತಾಗ ಕಿತ್ತಳೆ. ಬೀಟ್‌ರೂಟ್, ಕೆಂಪು ಹರಿವೆ, ಬೊಗನ್‌ವಿಲ್ಲಾ ಹಾಗೂ ಕೈಗೆ ಬಣ್ಣ ಹತ್ತಿಸುವ ಬಸಳೆಯ ಹಣ್ಣು, ಇವೆಲ್ಲವುಗಳಲ್ಲಿಯೂ ಬೀಟಾಲೈನ್‌ಗಳೇ ಇವೆ. ಇವೆಲ್ಲ ಒಂದೇ ಗಣದ ಸಸ್ಯಗಳು. ಹೀಗೆ ನೋಡಿದರೆ ಮಂಗಳೂರಿನ ಮನೆಯ ಹಿತ್ತಿಲಿನ ಬಸಳೆಚಪ್ಪರವೂ ಅಂಗಳದ ಹತ್ತು ಗಂಟೆ ಹೂವೂ ದೂರದ ನೆಂಟರು.

ಬೇರೆ ಬೇರೆ ಬಣ್ಣದ ಗಿಡಗಳನ್ನು ಒಂದೆಡೆ ಬೆಳೆಸಿದಾಗ ಬೀಜದಿಂದ ಹುಟ್ಟುವ ಸಸಿಗಳ ಬಣ್ಣವನ್ನು ಮುಂಚಿತವಾಗಿ ಹೇಳಲಾಗದು. ಮೆಚ್ಚಿದ ಬಣ್ಣವೇ ಬೇಕಿದ್ದಲ್ಲಿ ಗೆಲ್ಲು ನೆಡಬೇಕು.

ಬರ ಸಹಿಸುವ ಬಗೆ

ಎಲೆ ಮತ್ತು ಕಾಂಡಗಳಲ್ಲಿ ನೀರು ಸಂಗ್ರಹವಾಗುವುದು ಕಣ್ಣಿಗೆ ಕಾಣುವ ಕಾರಣ. ಕಾಣದ ಕಾರಣ ದ್ಯುತಿಸಂಶ್ಲೇಷಣೆಯಲ್ಲಿದೆ. ಜೋಳ, ಕಬ್ಬುಗಳಲ್ಲಿರುವ ಸಿ4 ಎಂಬ ವಿಧಾನವು ಬಿಸಿಲಿನಲ್ಲಿ ಕಡಿಮೆ ನೀರು ವ್ಯಯಿಸಿ ಹೆಚ್ಚು ಆಹಾರ ತಯಾರಿಸಲು ನೆರವಾಗುತ್ತದೆ. ಕಳ್ಳಿಗಳಲ್ಲಿರುವ ಕ್ಯಾಮ್ ವಿಧಾನದಲ್ಲಿ ಗಿಡವು ಪತ್ರರಂಧ್ರಗಳನ್ನು ರಾತ್ರಿ ತೆರೆದು ಇಂಗಾಲದ ಡೈಆಕ್ಸೈಡನ್ನು ಸಂಗ್ರಹಿಸಿಟ್ಟು, ಹಗಲು ರಂಧ್ರ ಮುಚ್ಚಿಕೊಂಡು ಅದನ್ನು ಬಳಸುತ್ತದೆ. ಸಾಮಾನ್ಯವಾಗಿ ಒಂದು ಸಸ್ಯದಲ್ಲಿ ಇವೆರಡರಲ್ಲಿ ಒಂದಿದ್ದರೆ ಇನ್ನೊಂದು ಇರುವುದಿಲ್ಲ. ಪೋರ್ಚುಲಾಕಾ ಕುಲ ಇದಕ್ಕೆ ಅಪವಾದ. ನೀರಿದ್ದಾಗ ಸಿ4, ನೀರು ಕೊರತೆಯಾದಾಗ ಜೊತೆಗೆ ಕ್ಯಾಮ್. ಗೋಣಿಸೊಪ್ಪಿನಲ್ಲಿ ಈ ಎರಡೂ ಒಂದೇ ಜೀವಕೋಶಗಳಲ್ಲಿ ನಡೆಯುತ್ತವೆಂಬುದನ್ನು ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು 2022ರಲ್ಲಿ ಪ್ರಕಟಿಸಿದರು.

ಈ ಗುಣಕ್ಕೆ ಮಂಗಳೂರಿನಲ್ಲಿ ಬೆಲೆಯಿದೆ. ನಗರದ ಕುಡಿಯುವ ನೀರು ಮುಖ್ಯವಾಗಿ ಬಂಟ್ವಾಳ ತಾಲೂಕಿನ ತುಂಬೆಯಲ್ಲಿ ನೇತ್ರಾವತಿಗೆ ಕಟ್ಟಿದ ಕಿಂಡಿ ಅಣೆಕಟ್ಟಿನಿಂದ ಬರುತ್ತದೆ. ನದಿಯ ಒಳಹರಿವು ಕುಸಿದ 2016, 2019 ಮತ್ತು 2023ರ ಬೇಸಗೆಗಳಲ್ಲಿ ನಗರಕ್ಕೆ ನೀರನ್ನು ಸರದಿಯಂತೆ ಬಿಡಬೇಕಾಯಿತು. ಅಂತಹ ವರ್ಷದ ಏಪ್ರಿಲ್ ತಿಂಗಳಲ್ಲಿ ಹುಲ್ಲುಹಾಸಿಗೆ ದಿನವೂ ನೀರುಣಿಸುವುದು ಸಾಧುವೂ ಅಲ್ಲ, ಸಾಧ್ಯವೂ ಅಲ್ಲ.

ಮಳೆಯ ಸಮಸ್ಯೆ

ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆಯಾಗುತ್ತದೆ. ಒಂದು ಚದರ ಮೀಟರ್ ನೆಲದ ಮೇಲೆ ಬಿದ್ದ ಒಂದು ಮಿ.ಮೀ. ಮಳೆ ಒಂದು ಲೀಟರ್ ನೀರಿಗೆ ಸಮ. ಎಂದರೆ ಪ್ರತಿ ಚದರ ಮೀಟರ್ ಹೂಪಾತಿಯ ಮೇಲೆ ವರ್ಷಕ್ಕೆ ಮೂರೂವರೆ ಸಾವಿರ ಲೀಟರಿಗೂ ಹೆಚ್ಚು ನೀರು ಸುರಿಯುತ್ತದೆ. ಇದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಬೀಳುತ್ತದೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಮಳೆ ಇಲ್ಲವೆಂದೇ ಹೇಳಬಹುದು.

ಮಳೆಗಾಲದಲ್ಲಿ ಗಿಡಕ್ಕೆ ಮೂರು ಬಗೆಯ ಹಾನಿಯಾಗುತ್ತದೆ. ಮಣ್ಣಿನ ಸಂದುಗಳಲ್ಲಿ ನೀರು ತುಂಬಿ ಬೇರಿಗೆ ಗಾಳಿ ಸಿಗದೆ ಬುಡ ಕೊಳೆಯುತ್ತದೆ. ವಾರಗಟ್ಟಲೆ ಮೋಡವಿರುವುದರಿಂದ ಕಾಂಡಗಳು ಬೆಳಕನ್ನು ಅರಸಿ ಸಪೂರವಾಗಿ ಉದ್ದ ಬೆಳೆಯುತ್ತವೆ ಮತ್ತು ಹೂವು ನಿಲ್ಲುತ್ತದೆ. ಮಳೆಹನಿ ನೆಲಕ್ಕೆ ಬಿದ್ದು ಸಿಡಿಸುವ ಕೆಸರು ಶಿಲೀಂಧ್ರಗಳನ್ನು ಎಲೆಗಳಿಗೆ ಹರಡುತ್ತದೆ. ಮೂರರಲ್ಲಿ ಮೊದಲನೆಯದು ಗಿಡವನ್ನು ಕೊಲ್ಲುತ್ತದೆ, ಉಳಿದೆರಡು ಬಡವಾಗಿಸುತ್ತವೆ. ‘ಬಿಸಿಲಿನ ಗಿಡ, ಆರೈಕೆ ಬೇಡ’ ಎಂಬ ಮಾತನ್ನು ನಂಬಿ ಮೇ ತಿಂಗಳಲ್ಲಿ ಅಂಗಳದ ತುಂಬ ನೆಟ್ಟವರಿಗೆ ಜುಲೈಯಲ್ಲಿ ಉಳಿಯುವುದು ಕಪ್ಪಾದ ಕಡ್ಡಿಗಳು ಮಾತ್ರ. ಇಲ್ಲಿ ನೆಡುವ ಕಾಲ ಅಕ್ಟೋಬರ್, ಹೂವಿನ ಕಾಲ ನವೆಂಬರ್‌ನಿಂದ ಮೇ.

ಜಾಗದ ಆಯ್ಕೆ

ದಿನಕ್ಕೆ ಕನಿಷ್ಠ ಆರು ಗಂಟೆ ನೇರ ಬಿಸಿಲು ಬೇಕು. ಹೂವಿನ ಕಾಲವು ಚಳಿಗಾಲವನ್ನು ಒಳಗೊಂಡಿರುವುದರಿಂದ ಆ ತಿಂಗಳುಗಳಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆಂಬುದನ್ನು ಗಮನಿಸಬೇಕು. ಮಂಗಳೂರಿನ ಅಕ್ಷಾಂಶದಲ್ಲಿ ಡಿಸೆಂಬರ್ 21ರ ಮಧ್ಯಾಹ್ನ ಸೂರ್ಯನ ಎತ್ತರ ಸುಮಾರು 54 ಡಿಗ್ರಿ. ಎರಡು ಮೀಟರ್ ಎತ್ತರದ ಕಾಂಪೌಂಡ್ ಗೋಡೆಯ ನೆರಳು ಆಗ ಉತ್ತರಕ್ಕೆ ಸುಮಾರು ಒಂದೂವರೆ ಮೀಟರ್ ಚಾಚುತ್ತದೆ. ಆದುದರಿಂದ ಅಂಗಳದ ದಕ್ಷಿಣ ಗೋಡೆಗೆ ತಾಗಿಕೊಂಡ ಪಾತಿಯಲ್ಲಿ ನಡುಹಗಲಿನಲ್ಲಿಯೂ ಬಿಸಿಲಿರುವುದಿಲ್ಲ. ಮನೆಯ ಉತ್ತರ ಪಕ್ಕವೂ ಇದೇ ಕಾರಣಕ್ಕೆ ಯೋಗ್ಯವಲ್ಲ. ಏಪ್ರಿಲ್ ಕೊನೆಯಲ್ಲಿ ಸೂರ್ಯ ನೆತ್ತಿಯ ಮೇಲೆ ಬಂದಾಗ ಈ ಜಾಗಗಳಲ್ಲಿ ಒಳ್ಳೆಯ ಬಿಸಿಲು ಕಾಣುವುದರಿಂದ ಅನೇಕರು ಮೋಸಹೋಗುತ್ತಾರೆ.

ತೆಂಗಿನ ಮರಗಳ ನಡುವಿನ ಚದುರಿದ ನೆರಳಿನಲ್ಲಿ ಗಿಡ ಬದುಕುತ್ತದೆಯಾದರೂ ಹೂವು ಕಡಿಮೆ. ನಗರದ ತಾರಸಿಗಳು ಉತ್ತಮ ಸ್ಥಳಗಳು. ಆದರೆ ಮಳೆನೀರು ಸೋರುವುದನ್ನು ತಡೆಯಲು ತಗಡಿನ ಮಾಡು ಹಾಕಿಸಿದ ತಾರಸಿಗಳಲ್ಲಿ ಬಿಸಿಲು ಬೀಳುವುದು ಅಂಚಿನಲ್ಲಷ್ಟೇ. ಮುರಕಲ್ಲಿನ ಪಾಗಾರದ ತಲೆ, ದರೆಯ ಅಂಚು, ಮೆಟ್ಟಿಲುಗಳ ಪಕ್ಕ ಮೊದಲಾದ, ನೀರು ತಾನಾಗಿ ಇಳಿದುಹೋಗುವ ಎಡೆಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ.

ಮಣ್ಣು

ಮಂಗಳೂರಿನ ಮಣ್ಣು ಬಹುತೇಕ ಮುರಕಲ್ಲಿನಿಂದ ಬಂದ ಕೆಂಪು ಮಣ್ಣು. ಅದು ಹುಳಿ ಗುಣದ್ದು, ಪೋಷಕಾಂಶಗಳಲ್ಲಿ ಬಡವಾದುದು. ಬಡತನ ಈ ಗಿಡಕ್ಕೆ ತೊಂದರೆಯಲ್ಲ. ತೊಂದರೆಯಿರುವುದು ಜೇಡಿಯ ಅಂಶದಲ್ಲಿ: ಕಾಲ್ತುಳಿತಕ್ಕೆ ಸಿಕ್ಕಿದ ಕೆಂಪು ಮಣ್ಣು ಗಟ್ಟಿಯಾಗಿ ನೀರನ್ನು ಹಿಡಿದಿಡುತ್ತದೆ. ಆದ್ದರಿಂದ ಒಂದು ಪಾಲು ಮಣ್ಣಿಗೆ ಒಂದು ಪಾಲು ದಪ್ಪ ಹೊಯಿಗೆ, ಅರ್ಧ ಪಾಲು ಮುರಕಲ್ಲಿನ ಅಥವಾ ಹಂಚಿನ ಚೂರು, ಸ್ವಲ್ಪ ಹಳೆಯ ಹಟ್ಟಿಗೊಬ್ಬರ ಬೆರೆಸಿಕೊಳ್ಳುವುದು ಸೂಕ್ತ. ಕಡಲಕರೆಯ ಹೊಯಿಗೆಯನ್ನು ತರುವುದು ಸರಿಯಲ್ಲ. ಅದರಲ್ಲಿ ಉಪ್ಪಿದೆ, ಕಣಗಳೂ ನಯ.

ಹಂಚಿನ ಚೂರಿಗೆ ಈ ಊರಿನಲ್ಲಿ ಕೊರತೆಯಿಲ್ಲ. ಬಾಸೆಲ್ ಮಿಷನ್ 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದಂದಿನಿಂದ ಮಂಗಳೂರು ಹಂಚು ಇಲ್ಲಿನ ಮನೆಗಳ ಮಾಡುಗಳನ್ನು ಹೊದೆದಿದೆ. ಹಳೆಯ ಮನೆಗಳು ಕೆಡವಲ್ಪಟ್ಟಾಗ ಒಡೆದ ಹಂಚು ರಾಶಿಗಟ್ಟಲೆ ಉಳಿಯುತ್ತದೆ. ಸುಟ್ಟ ಜೇಡಿಯಾದ ಈ ಚೂರುಗಳು ಸೂಕ್ಷ್ಮರಂಧ್ರಗಳಿಂದ ಕೂಡಿದ್ದು, ಮಣ್ಣನ್ನು ಸಡಿಲವಾಗಿಡುತ್ತವೆ. ಚಟ್ಟಿಯ ತಳದಲ್ಲಿ ಮಾತ್ರ ಹಾಕುವುದಕ್ಕಿಂತ ಬಟಾಣಿ ಗಾತ್ರಕ್ಕೆ ಕುಟ್ಟಿ ಇಡೀ ಮಣ್ಣಿಗೆ ಬೆರೆಸಿದರೆ ಪ್ರಯೋಜನ ಹೆಚ್ಚು. ತೆಂಗಿನ ನಾರಿನ ಹುಡಿಯನ್ನು ಹೆಚ್ಚು ಬಳಸಬಾರದು. ಬೇಸಗೆಯಲ್ಲಿ ಅದು ಒಳ್ಳೆಯದೆಂದು ತೋರಿದರೂ ಮಳೆಗಾಲದಲ್ಲಿ ನೀರು ಕುಡಿದ ಸ್ಪಂಜಿನಂತೆ ಬೇರನ್ನು ಸುತ್ತಿಕೊಳ್ಳುತ್ತದೆ.

ಕರಾವಳಿಯ ತೋಟಗಳಲ್ಲಿ ಬಳಕೆಯಲ್ಲಿರುವ ಸುಡುಮಣ್ಣು ಈ ಗಿಡಕ್ಕೂ ಹಿತ. ತರಗೆಲೆ, ಕಸಕಡ್ಡಿಗಳ ಮೇಲೆ ಮಣ್ಣು ಹಾಕಿ ನಿಧಾನವಾಗಿ ಸುಟ್ಟು ಮಾಡುವ ಇದರಲ್ಲಿ ಬೂದಿ ಬೆರೆತಿರುವುದರಿಂದ ಮಣ್ಣಿನ ಹುಳಿ ತಗ್ಗುತ್ತದೆ, ಪೊಟ್ಯಾಷ್ ಸಿಗುತ್ತದೆ. ಯೂರಿಯಾ ಅಥವಾ ಹಸಿ ಹಟ್ಟಿಗೊಬ್ಬರ ಹಾಕಿದರೆ ಹಸಿರು ಹೆಚ್ಚಿ ಹೂವು ಕುಗ್ಗುತ್ತದೆ.

ನೆಡುವುದು ಮತ್ತು ನೀರು

ಬೀಜವನ್ನು ಮಣ್ಣಿನ ಮೇಲೆ ಹರಡಿ ಮೆಲ್ಲನೆ ಒತ್ತಬೇಕೇ ಹೊರತು ಮುಚ್ಚಬಾರದು. ಮೊಳಕೆಗೆ ಬೆಳಕು ಬೇಕು. ಒಂದರಿಂದ ಎರಡು ವಾರದಲ್ಲಿ ಮೊಳೆಯುತ್ತದೆ. ಗೆಲ್ಲಿನಿಂದ ಬೆಳೆಸುವುದು ಇದಕ್ಕಿಂತ ಸುಲಭ. 5ರಿಂದ 8 ಸೆಂ.ಮೀ. ಉದ್ದದ ತುದಿಗೆಲ್ಲನ್ನು ಚಿವುಟಿ, ಕೆಳಗಿನ ಎಲೆಗಳನ್ನು ತೆಗೆದು, ಗಾಯ ಒಣಗಲು ಅರ್ಧ ದಿನ ನೆರಳಿನಲ್ಲಿಟ್ಟು ಊರಿದರೆ ಸುಮಾರು ಹತ್ತು ದಿನಗಳಲ್ಲಿ ಬೇರು ಬಿಡುತ್ತದೆ. ಬೇರುಹಾರ್ಮೋನಿನ ಅಗತ್ಯವಿಲ್ಲ. ನೆರೆಹೊರೆಯವರು ಪರಸ್ಪರ ಗೆಲ್ಲು ಕೊಟ್ಟು ತೆಗೆದುಕೊಳ್ಳುವ ರೂಢಿಯಿಂದಲೇ ಈ ಹೂವು ಊರೂರಿಗೆ ಹಬ್ಬಿದೆ.

20 ಸೆಂ.ಮೀ. ಅಂತರದಲ್ಲಿ ನೆಟ್ಟರೆ ಚದರ ಮೀಟರಿಗೆ 25 ಗೆಲ್ಲು ಬೇಕು. ಬೇಗ ನೆಲ ಮುಚ್ಚಬೇಕೆಂದು 15 ಸೆಂ.ಮೀ. ಅಂತರ ಇಟ್ಟರೆ ಸುಮಾರು 44. ಅಕ್ಟೋಬರ್‌ನ ಸಂಜೆಯ ಗುಡುಗುಮಳೆಗಳು ಇನ್ನೂ ಬಾಕಿಯಿರುವುದರಿಂದ ಪಾತಿಯನ್ನು ನೆಲಮಟ್ಟಕ್ಕಿಂತ 15 ಸೆಂ.ಮೀ.ಯಷ್ಟಾದರೂ ಎತ್ತರಿಸಿ, ನಡುವೆ ಉಬ್ಬಿಸಿ ಮಾಡುವುದು ಒಳ್ಳೆಯದು.

ನೀರಿಗೆ ನಿಗದಿತ ಲೆಕ್ಕವಿಲ್ಲ. ಮೇಲಿನ ಒಂದಿಂಚು ಮಣ್ಣು ಪೂರ್ತಿ ಒಣಗಿದ ಬಳಿಕ ಬುಡಕ್ಕೆ ಚೆನ್ನಾಗಿ ಹನಿಸಿ, ಮತ್ತೆ ಒಣಗುವವರೆಗೆ ಬಿಡಬೇಕು. ನೆಲದಲ್ಲಿ ಬೇರೂರಿದ ಗಿಡಕ್ಕೆ ಚಳಿಗಾಲದಲ್ಲಿ ವಾರಕ್ಕೊಮ್ಮೆ ಸಾಕಾಗುತ್ತದೆ. ಮಾರ್ಚ್ ನಂತರ ತಾರಸಿಯ ಚಟ್ಟಿಗಳಿಗೆ ಎರಡು ದಿನಕ್ಕೊಮ್ಮೆ ಬೇಕಾಗಬಹುದು. ಬರ ಸಹಿಸುವುದೆಂದರೆ ಸಾಯದೆ ಉಳಿಯುವುದು ಎಂದರ್ಥ, ಹೂ ಬಿಡುತ್ತಲೇ ಇರುವುದು ಎಂದಲ್ಲ. ತೀರ ಒಣಗಿಸಿದ ಗಿಡ ಎಲೆ ಉದುರಿಸಿ ಸುಮ್ಮನಾಗುತ್ತದೆ. ಎ.ಸಿ. ಯಂತ್ರದಿಂದ ತೊಟ್ಟಿಕ್ಕುವ ನೀರು, ಅಕ್ಕಿ ತೊಳೆದ ನೀರು ಇಷ್ಟರಲ್ಲಿಯೇ ನಾಲ್ಕಾರು ಚಟ್ಟಿಗಳನ್ನು ಬೇಸಗೆ ದಾಟಿಸಬಹುದು.

ಎರಡು ತಿಂಗಳಿಗೊಮ್ಮೆ ಗಿಡವನ್ನು ಅರ್ಧಕ್ಕೆ ಕತ್ತರಿಸಿದರೆ ಹೊಸ ಚಿಗುರು ಬಂದು ಹೂವು ಹೆಚ್ಚುತ್ತದೆ. ಕತ್ತರಿಸಿದ ತುಂಡುಗಳೇ ಮುಂದಿನ ಪಾತಿಗೆ ಗೆಲ್ಲುಗಳು. ಜೇನ್ನೊಣಗಳೂ, ಕರಾವಳಿಯಲ್ಲಿ ಮುಜಂಟಿ ಎಂದು ಕರೆಯಲಾಗುವ ಚುಚ್ಚದ ಜೇನೂ ಪರಾಗಕ್ಕಾಗಿ ಹೂಗಳಿಗೆ ಬರುತ್ತವೆ. ಕೇಸರಗಳು ದಳಗಳಾಗಿ ಮಾರ್ಪಟ್ಟಿರುವ ಸುತ್ತುದಳದ ತಳಿಗಳಿಗಿಂತ ಐದು ದಳದ ಹೂಗಳು ಅವಕ್ಕೆ ಅನುಕೂಲ.

ಮಳೆಗಾಲ ದಾಟಿಸುವುದು

ತುಳು ಪಂಚಾಂಗದ ಬೇಶ ತಿಂಗಳ ಹತ್ತನೆಯ ದಿನವಾದ ಪತ್ತನಾಜೆ ಮೇ 24ರ ಆಸುಪಾಸಿನಲ್ಲಿ ಬರುತ್ತದೆ. ಅಂದಿನಿಂದ ಕೋಲ, ಯಕ್ಷಗಾನ ತಿರುಗಾಟ ಮೊದಲಾದವು ನಿಂತು ಊರು ಮಳೆಗೆ ಅಣಿಯಾಗುತ್ತದೆ. ಈ ಗಿಡದ ಮಟ್ಟಿಗೂ ಅದೇ ಸರಿಯಾದ ಗಡುವು. ಅಷ್ಟರೊಳಗೆ ಪ್ರತಿಯೊಂದು ಬಣ್ಣದಿಂದ ನಾಲ್ಕೈದು ಗೆಲ್ಲುಗಳನ್ನು ತೆಗೆದು, ಅರ್ಧಕ್ಕಿಂತ ಹೆಚ್ಚು ಹೊಯಿಗೆಯಿರುವ ಸಣ್ಣ ಚಟ್ಟಿಗಳಲ್ಲಿ ಊರಿ, ಬಣ್ಣದ ಹೆಸರು ಬರೆದಿಡಬೇಕು. ಹೂವಿಲ್ಲದಾಗ ಎಲ್ಲ ಗಿಡಗಳೂ ಹೆಚ್ಚುಕಡಿಮೆ ಒಂದೇ ರೀತಿ ಕಾಣುತ್ತವೆ.

ಈ ಚಟ್ಟಿಗಳನ್ನು ಮಳೆಯ ಎರಚಲು ತಾಗದ, ಆದರೆ ಬೆಳಕು ಧಾರಾಳವಾಗಿರುವ ಎಡೆಯಲ್ಲಿಡಬೇಕು. ಜಗಲಿಯ ಹೊರ ಅಂಚು, ಬಾಲ್ಕನಿ, ಪಾರದರ್ಶಕ ಶೀಟಿನ ಅಡಿ ಆಗಬಹುದು. ಮಾಡಿನಿಂದ ನೀರು ಧಾರೆಯಾಗಿ ಬೀಳುವ ಸಾಲಿನಲ್ಲಿಡುವುದು ಬಯಲಿನಲ್ಲಿಡುವುದಕ್ಕಿಂತ ಕೆಟ್ಟದು. ಗಾಳಿಯಲ್ಲೇ ತೇವವಿರುವ ಆಟಿ ತಿಂಗಳಲ್ಲಿ, ಎಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಎರಡು ವಾರಕ್ಕೊಮ್ಮೆ ಒಂದಿಷ್ಟು ನೀರು ತೋರಿಸಿದರೂ ಸಾಕು. ಗಿಡ ಸೊರಗಿ ಉದ್ದವಾಗುತ್ತದೆ. ಅದಕ್ಕೆ ಗೊಬ್ಬರ ಹಾಕಿ ಸರಿಪಡಿಸಲು ಹೊರಡಬಾರದು. ಸೆಪ್ಟೆಂಬರ್ ಕೊನೆಯಲ್ಲಿ ಬಿಸಿಲು ಮರಳಿದಾಗ ಒಂದು ವಾರ ಅರೆನೆರಳಿನಲ್ಲಿಟ್ಟು ಒಗ್ಗಿಸಿ, ತುದಿಗಳನ್ನು ಚಿವುಟಿ ಮತ್ತೆ ನೆಡಬಹುದು. ಹತ್ತು ಗೆಲ್ಲುಗಳು ಉಳಿದರೂ ಒಂದೆರಡು ಸುತ್ತು ಚಿವುಟಿ ನೆಟ್ಟು ಡಿಸೆಂಬರ್ ವೇಳೆಗೆ ಎರಡು ಚದರ ಮೀಟರ್ ತುಂಬಿಸಬಹುದು.

ಪಾತಿಯಲ್ಲಿ ಉದುರಿದ ಬೀಜಗಳಲ್ಲಿ ಕೆಲವು ಮಳೆ ಕಳೆದ ಮೇಲೆ ಅಂಗಳದ ಕಲ್ಲುಸಂದುಗಳಲ್ಲಿ ತಾವಾಗಿಯೇ ಹುಟ್ಟುವುದುಂಟು. ಅವನ್ನೇ ನಂಬಿ ಕೂರುವುದು ಜಾಣತನವಲ್ಲ.

ಕೀಟ ಮತ್ತು ರೋಗ

ಬಿಳಿ ಹತ್ತಿಯಂತೆ ಕಾಣುವ ಹಿಟ್ಟುತಿಗಣೆ ಕಾಂಡದ ಗೆಣ್ಣುಗಳಲ್ಲಿ ಸೇರುತ್ತದೆ. ಇರುವೆಗಳು ಅದನ್ನು ಗಿಡದಿಂದ ಗಿಡಕ್ಕೆ ಒಯ್ಯುತ್ತವೆ. ಸಾಬೂನು ನೀರು ಅಥವಾ ಬೇವಿನ ಎಣ್ಣೆಯ ದ್ರಾವಣವನ್ನು ಸಂಜೆ ಸಿಂಪಡಿಸಬಹುದು. ಮಳೆಗಾಲದಲ್ಲಿ ಬಸವನಹುಳುಗಳು ಒಂದೇ ರಾತ್ರಿಯಲ್ಲಿ ಚಟ್ಟಿಯನ್ನು ಬೋಳಿಸಬಲ್ಲವು. ಕತ್ತಲಾದ ಮೇಲೆ ದೀಪ ಹಿಡಿದು ಹೆಕ್ಕುವುದೇ ಖಚಿತ ಉಪಾಯ. ಬುಡ ಕೊಳೆತ ಗಿಡಕ್ಕೆ ಔಷಧಿ ಹೊಡೆಯುವುದು ವ್ಯರ್ಥ. ಕೊಳೆ ತಾಗದ ತುದಿಯನ್ನು ಕತ್ತರಿಸಿ ಹೊಸ ಮಣ್ಣಿನಲ್ಲಿ ಊರಿ, ಉಳಿದುದನ್ನು ಎಸೆಯಬೇಕು.

ಗೋಣಿಸೊಪ್ಪಿನ ನೆಂಟನೆಂದು ಇದನ್ನು ಅಡುಗೆಗೆ ಬಳಸುವ ವಾಡಿಕೆ ಇಲ್ಲ. ಈ ಗಿಡಗಳಲ್ಲಿ ಆಕ್ಸಲೇಟ್ ಅಂಶವಿರುವುದರಿಂದ ಸಾಕಿದ ನಾಯಿ, ಬೆಕ್ಕುಗಳು ತಿನ್ನದಂತೆ ನೋಡಿಕೊಳ್ಳಬೇಕು.

ಇತರ ನೆಲಹೊದಿಕೆಗಳು

ಚಿತ್ರಗಳಲ್ಲಿ ಮನಸೆಳೆಯುವ ದಕ್ಷಿಣ ಆಫ್ರಿಕಾದ ಡೆಲೋಸ್ಪರ್ಮಾ ಮುಂತಾದ ‘ಐಸ್ ಪ್ಲಾಂಟ್’ಗಳು ತಂಪು, ಒಣ ಹವೆಯವು, ಮಂಗಳೂರಿನ ಸೆಕೆ ಮತ್ತು ತೇವಕ್ಕೆ ಅವು ಬಾಳುವುದು ಕಷ್ಟ. ಅದೇ ಕುಟುಂಬದ, ಹೃದಯಾಕಾರದ ಎಲೆಯ ಆಪ್ಟೇನಿಯಾ ಚಟ್ಟಿಗಳಲ್ಲಿ ಬೆಳೆಯುತ್ತದೆ. ಸಮುದ್ರಕ್ಕೆ ಹತ್ತಿರವಿರುವ, ಉಪ್ಪುಗಾಳಿ ಬೀಸುವ ನಿವೇಶನಗಳಿಗೆ ಕರಾವಳಿಯದೇ ಆದ ಎರಡು ಸಸ್ಯಗಳನ್ನು ಪರಿಗಣಿಸಬಹುದು. ಒಂದು, ಅಳಿವೆಯ ಉಪ್ಪು ನೆಲದಲ್ಲಿ ಹರಡುವ, ರಸಭರಿತ ಎಲೆಯ ಸೆಸುವಿಯಮ್ ಪೋರ್ಚುಲಾಕಾಸ್ಟ್ರಮ್. ಇನ್ನೊಂದು, ಕಡಲಕರೆಯ ಹೊಯಿಗೆಯನ್ನು ಹಿಡಿದಿಡುವ ಆಡುಂಬು ಬಳ್ಳಿ. ಎರಡರ ಹೂವೂ ಗುಲಾಬಿ–ನೇರಳೆ ಛಾಯೆಯವು. ಬಣ್ಣಗಳ ವೈವಿಧ್ಯ ಸಿಗದಿದ್ದರೂ ಮಳೆಗಾಲದಲ್ಲಿ ಇವುಗಳನ್ನು ಒಳಗೆ ಹೊತ್ತು ತರುವ ಕೆಲಸವಿಲ್ಲ.

ಹಳದಿ ಹೂವಿನ ವೆಡೇಲಿಯಾವನ್ನು ಮಾತ್ರ ನೆಡದಿರುವುದು ಲೇಸು. ಸ್ಫ್ಯಾಗ್ನೆಟಿಕೋಲಾ ಟ್ರೈಲೋಬೇಟಾ ಎಂಬ ಈ ಸಸ್ಯ ಬಿಸಿಲು, ಮಳೆ ಎರಡನ್ನೂ ತಡೆದುಕೊಂಡು ಬೇಗ ನೆಲ ಮುಚ್ಚುವುದರಿಂದ ಜನಪ್ರಿಯವಾಗಿದೆ. ಅದೇ ಗುಣದಿಂದ ಅದು ಅಂಗಳ ದಾಟಿ ತೋಡಿನ ಬದಿ, ಗದ್ದೆಯ ಹುಣಿಗಳಿಗೆ ನುಗ್ಗಿ ಸ್ಥಳೀಯ ಗಿಡಗಳನ್ನು ಅಡಗಿಸುತ್ತದೆ. ವಿಶ್ವದ ನೂರು ಅತಿ ಹಾನಿಕರ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ. ಕಿತ್ತು ಎಸೆದ ತುಂಡು ಬಿದ್ದಲ್ಲೇ ಬೇರು ಬಿಡುವುದರಿಂದ, ಈಗಾಗಲೇ ನೆಟ್ಟವರು ಅದನ್ನು ತೋಡಿಗೆ ಎಸೆಯದೆ ಬಿಸಿಲಿನಲ್ಲಿ ಪೂರ್ತಿ ಒಣಗಿಸಿ ಸುಡುಮಣ್ಣಿನ ರಾಶಿಗೆ ಹಾಕಬೇಕು.